ಏಳು ಪದರದ ಹಲಗೆ

ದಕ್ಷಿಣ ಕನ್ನಡದ ನಮ್ಮ ಕನ್ಯಾನದ ಕಡೆಯಿಂದ ಹೊರಡುವ ರಬ್ಬರ್ ಮರದ ಲೋಡು ಎಲ್ಲಿಗೆ ಎಂದು ಕೇಳಿದರೆ ಲಾರಿಯವರು ಹೇಳುವ ಹೆಸರು ಹೆಚ್ಚಾಗಿ ಒಂದೇ: ಕೇರಳದ ಪೆರುಂಬಾವೂರು. ಇಪ್ಪತ್ತೈದು ವರ್ಷ ಹಾಲು ಕೊಟ್ಟ ಮರವನ್ನು ಕಡಿದು, ಟನ್ನಿನ ಲೆಕ್ಕದಲ್ಲಿ ತೂಗಿ ಕಳಿಸಿದರೆ ಕೃಷಿಕನ ಮಟ್ಟಿಗೆ ಅದರ ಕತೆ ಮುಗಿಯಿತು. ಆಮೇಲೆ ಆ ಮರ ಏನಾಗುತ್ತದೆ ಎಂದು ಕೇಳುವವರು ನಮ್ಮಲ್ಲಿ ಕಡಿಮೆ. ಈ ಸಲ ಕೇಳಿದವನು ನನ್ನ ಅಕ್ಕನ ಮಗ. ಬೆಂಗಳೂರಿನಲ್ಲಿ ಓದುವ ಹುಡುಗ, ಸ್ಕೇಟ್‌ಬೋರ್ಡಿನ ಮೇಲೆ ಜೀವ ಇಟ್ಟುಕೊಂಡವನು. ರಜೆಗೆ ಬಂದವನು ತೋಟದಲ್ಲಿ ಕಡಿದು ಬಿದ್ದ ಮರಗಳನ್ನು ನೋಡಿ, "ಮಾವ, ನಮ್ಮ ಮರದಲ್ಲೇ ಒಂದು ಡೆಕ್ ಮಾಡಿ ನೋಡುವನಾ?" ಅಂದ.

ಡೆಕ್ ಅಂದರೆ ಚಕ್ರಗಳ ಮೇಲೆ ಕೂರುವ ಹಲಗೆ. ಸುಮಾರು ಎಂಟು ಇಂಚು ಅಗಲ, ಮೂವತ್ತೆರಡು ಇಂಚು ಉದ್ದ. ನೋಡಲಿಕ್ಕೆ ಒಂದೇ ಮರದ ತುಂಡಿನಂತೆ ಕಂಡರೂ ಅದು ಏಳು ತೆಳು ಹಾಳೆಗಳನ್ನು ಅಂಟಿಸಿ, ಒತ್ತಿ, ಬಗ್ಗಿಸಿ ಮಾಡಿದ್ದು. ಒಂದೊಂದು ಹಾಳೆ ಒಂದೂವರೆ ಮಿಲಿಮೀಟರ್. ಜಗತ್ತಿನಲ್ಲಿ ಒಳ್ಳೆಯ ಡೆಕ್ಕಿಗೆ ಬಳಸುವುದು ಉತ್ತರ ಅಮೆರಿಕದ ದೊಡ್ಡ ಸರೋವರಗಳ ಸುತ್ತ ಬೆಳೆಯುವ ಸಕ್ಕರೆ ಮೇಪಲ್ ಮರ. ಅಲ್ಲಿಂದ ಹಾಳೆ ಮೆಕ್ಸಿಕೊದ ತಿಹುವಾನಾಕ್ಕೋ ಚೀನಾಕ್ಕೋ ಹೋಗಿ ಡೆಕ್ಕಾಗುತ್ತದೆ, ಅಲ್ಲಿಂದ ಹಡಗು ಹತ್ತಿ ನಮ್ಮ ಮಕ್ಕಳ ಕೈಗೆ ಬರುತ್ತದೆ. ಬೆಲೆಯನ್ನು ಹೆಚ್ಚಿನ ಮನೆಗಳು ತಡೆಯಲಾರವು.

"ಮಂಗಳೂರಲ್ಲಿ ಪ್ಲೈವುಡ್ ಸಿಗುವುದಿಲ್ಲವಾ, ಅದನ್ನೇ ಕೊಯ್ದರಾಯಿತಲ್ಲ" ಎಂದೆ. ಆಗುವುದಿಲ್ಲ ಎಂದು ಅವನು ಬಿಡಿಸಿ ಹೇಳಿದ. ಅಂಗಡಿಯ ಪ್ಲೈವುಡ್ಡಿನಲ್ಲಿ ಒಂದು ಹಾಳೆಯ ನಾರು ಉದ್ದಕ್ಕಿದ್ದರೆ ಮುಂದಿನದರದ್ದು ಅಡ್ಡಕ್ಕೆ, ಹೀಗೆ ಬದಲಾಗುತ್ತಾ ಹೋಗುತ್ತದೆ. ಗೋಡೆಗೆ, ಕಪಾಟಿಗೆ ಅದು ಸರಿ. ನಿಂತವನ ಭಾರ ನಡುವಿಗೆ ಬಿದ್ದು ಎರಡೂ ತುದಿ ಮೇಲೇಳುವ ಹಲಗೆಗೆ ಉದ್ದದ ನಾರೇ ಬಲ. ಏಳರಲ್ಲಿ ಐದು ಉದ್ದಕ್ಕೆ, ಎರಡೇ ಅಡ್ಡಕ್ಕೆ. ಆ ಎರಡು ಹಲಗೆ ಸೀಳದಂತೆ ಕಾಯುತ್ತವೆ. ಅಲ್ಲದೆ, ಚಪ್ಪಟೆಯಾಗಿ ಅಂಟಿ ಒಣಗಿದ್ದನ್ನು ಮತ್ತೆ ಬಗ್ಗಿಸಲಾಗದು. ಹಾಳೆಯಿಂದಲೇ ಶುರು ಮಾಡಬೇಕು. ಹಾಳೆ ಬೇಕಿದ್ದರೆ ಮರ ಹೋದಲ್ಲಿಗೇ ಹೋಗಬೇಕು.

ಹೊರಟೆವು. ಕನ್ಯಾನದಿಂದ ಬಾಯಾರಿನ ದಾರಿ ಹಿಡಿದರೆ ಸ್ವಲ್ಪ ಹೊತ್ತಿಗೇ ಕೇರಳ. ಗಡಿ ಎಲ್ಲಿ ದಾಟಿತೆಂದು ತಿಳಿಯುವುದು ಅಂಗಡಿಗಳ ಬೋರ್ಡಿನಲ್ಲಿ ಮಲಯಾಳ ಅಕ್ಷರ ಕಂಡಾಗ ಮಾತ್ರ. ಬಸ್ಸಿನೊಳಗೆ ಅದೇ ತುಳು, ಅದೇ ಬ್ಯಾರಿ, ಅದೇ ಕನ್ನಡ. ಕೈಕಂಬ, ಉಪ್ಪಳ ದಾಟಿ ಕಾಸರಗೋಡಿಗೆ ಬಂದು, ಮಂಗಳೂರಿನಿಂದ ಸಂಜೆ ಹೊರಡುವ ಮಲಬಾರ್ ಎಕ್ಸ್‌ಪ್ರೆಸ್ ಹತ್ತಿದೆವು. ಆಲುವಾದಲ್ಲಿ ಇಳಿದಾಗ ಇನ್ನೂ ಕತ್ತಲೆ. ಪೆರುಂಬಾವೂರು ಅಲ್ಲಿಂದ ಬಸ್ಸಿನ ದಾರಿ.

ಇಡೀ ಊರಿಗೆ ಹಸಿ ಮರದ ವಾಸನೆ. ಪ್ಲೈವುಡ್ ಮಿಲ್ಲುಗಳೇ ಈ ಊರಿನ ಅನ್ನ. ಕೆಲಸಕ್ಕೆ ಅಸ್ಸಾಂ, ಒಡಿಶಾ, ಬಂಗಾಳದವರು. ಪೇಟೆಯಲ್ಲಿ ಬಂಗಾಳಿ, ಹಿಂದಿ ಬೋರ್ಡುಗಳು, ಅವರ ಊರಿನ ಊಟದ ಹೋಟೆಲುಗಳು. ಇದೇ ಊರಿನ ಪಕ್ಕದಲ್ಲಿ ಇರಿಂಗೋಳ್ ಕಾವು ಎಂಬ ಭಗವತಿಯ ದೇವರಕಾಡು ಇದೆ. ಅಲ್ಲಿನ ಮರಕ್ಕೆ ಯಾರೂ ಕತ್ತಿ ತಾಗಿಸುವುದಿಲ್ಲ. ದಿನವೂ ಲಾರಿಗಟ್ಟಲೆ ಮರ ಕೊಯ್ಯುವ ಊರು ಆ ಕಾಡನ್ನು ಇಷ್ಟು ಕಾಲ ಉಳಿಸಿಕೊಂಡದ್ದನ್ನು ಕಂಡು ನನಗೆ ಆ ಊರಿನ ಮೇಲೆ ಗೌರವ ಹೆಚ್ಚಾಯಿತು.

ನಮ್ಮ ಮರದ ವ್ಯಾಪಾರಿಯ ಪರಿಚಯದ ಮೇಲೆ ಒಂದು ಸಣ್ಣ ಮಿಲ್ಲಿನ ಒಳಗೆ ಹೋಗಲು ಅವಕಾಶ ಸಿಕ್ಕಿತು. ಅಂಗಳದಲ್ಲಿ ನಾಲ್ಕಡಿಯ ಆಸುಪಾಸಿಗೆ ತುಂಡು ಮಾಡಿದ ದಿಮ್ಮಿಗಳ ರಾಶಿ. ರಬ್ಬರ್ ಮರವನ್ನು ಬಹಳ ದಿನ ಇಡಲಾಗುವುದಿಲ್ಲ. ಕಡಿದ ಕೆಲವೇ ದಿನಗಳಲ್ಲಿ ಬೂಷ್ಟು ಹಿಡಿದು ನೀಲಿ ಕಲೆ ಬೀಳುತ್ತದೆ, ಹುಳವೂ ಕೊರೆಯುತ್ತದೆ. ಹಾಗಾಗಿ ಬಂದದ್ದನ್ನು ಬಂದ ಹಾಗೇ ಕೊಯ್ಯುತ್ತಾರೆ. ಮೊದಲ ಯಂತ್ರ ತೊಗಟೆ ಕೆರೆದು ದಿಮ್ಮಿಯನ್ನು ಉರುಟು ಮಾಡುತ್ತದೆ. ಎರಡನೆಯದರಲ್ಲಿ ದಿಮ್ಮಿ ಉರುಳೆಗಳ ನಡುವೆ ಗಿರಗಿರನೆ ತಿರುಗುತ್ತಾ ಉದ್ದದ ಬ್ಲೇಡಿಗೆ ಒತ್ತಿಕೊಳ್ಳುತ್ತದೆ. ಆಗ ಸುತ್ತಿಟ್ಟ ಚಾಪೆ ಬಿಡಿಸಿದ ಹಾಗೆ ಕೆನೆಬಣ್ಣದ ಹಾಳೆ ಹೊರಗೆ ಬರುತ್ತದೆ. ಮುಟ್ಟಿದರೆ ತಣ್ಣಗೆ, ಒದ್ದೆ. ಕಣ್ಣು ಮುಚ್ಚಿ ತೆರೆಯುವುದರೊಳಗೆ ಇಷ್ಟು ದಪ್ಪದ ದಿಮ್ಮಿ ಕೋಲಿನಷ್ಟಾಗಿ ಪಕ್ಕಕ್ಕೆ ಬೀಳುತ್ತದೆ.

ಯಂತ್ರದ ಬಳಿ ಇದ್ದ ಅಸ್ಸಾಮಿನ ಹುಡುಗ ದಿಮ್ಮಿ ಆರಿಸುವುದನ್ನು ನಾನು ಬಹಳ ಹೊತ್ತು ನೋಡಿದೆ. ಟ್ಯಾಪಿಂಗ್ ಮಾಡಿದ ಬುಡದ ಭಾಗವನ್ನು ಅವನು ಬೇರೆ ಇಡುತ್ತಿದ್ದ. ವರ್ಷಗಟ್ಟಲೆ ಕತ್ತಿ ಬಿದ್ದ ಅಲ್ಲಿ ಗಾಯ ಮಾಗಿ ಮರ ಉಬ್ಬು ತಗ್ಗಾಗಿರುತ್ತದೆ, ಹಾಳೆ ಹರಿಯುತ್ತದೆ. ನಮಗೆ ಬೇಕಾದದ್ದು ಅದರ ಮೇಲಿನ ನೇರ ಕಾಂಡ. ಮೇಸ್ತ್ರಿ ಒಪ್ಪಿ ಬ್ಲೇಡಿನ ಅಂತರ ಬದಲಿಸಿ ಒಂದೂವರೆ ಮಿಲಿಮೀಟರಿಗೆ ಇಟ್ಟರು. ಹುಡುಗ ಹಾಳೆಯ ಅಂಚನ್ನು ಹೆಬ್ಬೆರಳು ತೋರುಬೆರಳ ನಡುವೆ ಎಳೆದು ನೋಡಿ ತಲೆಯಾಡಿಸಿದ. ಅಳಿಯ ವರ್ನಿಯರ್ ಹಿಡಿದ. ಬೆರಳು ಹೇಳಿದ್ದು ಸರಿಯಾಗಿತ್ತು. ಗಂಟಿಲ್ಲದ ಹಾಳೆಗಳನ್ನು ಕಟ್ಟು ಕಟ್ಟಿಕೊಂಡು ಅದೇ ದಾರಿಯಲ್ಲಿ ಊರಿಗೆ ಮರಳಿದೆವು.

ಮನೆಯಲ್ಲಿ ಮೊದಲ ಕೆಲಸ ಒಣಗಿಸುವುದು. ಹಾಳೆಯಲ್ಲಿ ತೇವ ನೂರಕ್ಕೆ ಆರರಿಂದ ಎಂಟಕ್ಕೆ ಇಳಿಯಬೇಕು. ಹೆಚ್ಚಿದ್ದರೆ ಅಂಟು ಹಿಡಿಯುವುದಿಲ್ಲ, ಹಿಡಿದರೂ ಆಮೇಲೆ ಹಲಗೆ ತಿರುಚುತ್ತದೆ. ಕರಾವಳಿಯ ಗಾಳಿಯಲ್ಲಿ ಇದು ಸುಲಭವಲ್ಲ. ಅಡಿಕೆ ಒಣಗಿಸಲು ಅಂಗಳದಲ್ಲಿ ಕಟ್ಟಿದ ಪ್ಲಾಸ್ಟಿಕ್ ಮಾಡಿನ ಗೂಡು ಕೈ ಹಿಡಿಯಿತು. ಹಾಳೆ ಮುದುಡದಂತೆ ನಡುನಡುವೆ ರೀಪು ಇಟ್ಟು, ಮೇಲೆ ಭಾರ ಹೇರಿ ಬಿಟ್ಟೆವು.

ಅಚ್ಚಿನ ಕೆಲಸ ಊರಿನ ಬಡಗಿ ಆಚಾರ್ರದ್ದು. ಅಳಿಯನ ಹಳೆಯ ಡೆಕ್ಕನ್ನೇ ಮಾದರಿಯಾಗಿಟ್ಟು ಅದರ ಮೇಲೊಮ್ಮೆ ಕೆಳಗೊಮ್ಮೆ ಕಾಂಕ್ರೀಟು ಸುರಿದು ಎರಡು ಭಾಗದ ಅಚ್ಚು ಮಾಡಿದರು. ಎರಡೂ ತುದಿ ಮೇಲಕ್ಕೆ ಬಾಗಿರಬೇಕು, ಅಗಲದಲ್ಲಿ ನಡು ತುಸು ತಗ್ಗಿರಬೇಕು. ಕಾಲಿಗೆ ಹಿಡಿತ ಸಿಗುವುದು ಆ ತಗ್ಗಿನಿಂದ. ವಿಟ್ಲದಲ್ಲಿ ವೆಲ್ಡಿಂಗ್ ಮಾಡಿಸಿದ ಕಬ್ಬಿಣದ ಚೌಕಟ್ಟು, ಅದರೊಳಗೆ ಲಾರಿ ಎತ್ತುವ ಎರಡು ಜಾಕ್. ದೊಡ್ಡ ಕಾರ್ಖಾನೆಯ ಹೈಡ್ರಾಲಿಕ್ ಪ್ರೆಸ್ ಒಂದೇ ಬಾರಿಗೆ ಹಲವು ಡೆಕ್ ಒತ್ತುತ್ತದೆ. ನಮ್ಮದು ಒಂದನ್ನು ಒತ್ತಬೇಕಿತ್ತು.

ಅಂಟು ಹಚ್ಚಿದ್ದು ಬೆಳಿಗ್ಗೆ, ಬಿಸಿಲೇರುವ ಮೊದಲು. ಸೆಕೆಯಲ್ಲಿ ಅಂಟು ಬೇಗ ಎಳೆದುಕೊಳ್ಳುತ್ತದೆ. ಏಳು ಹಾಳೆಗೆ ಆರು ಸಲ ಅಂಟು. ಪೈಂಟಿನ ರೋಲರಿನಲ್ಲಿ ಫೆವಿಕಾಲ್ ಮರೈನ್ ಸವರಿ, ಎರಡು ಉದ್ದ, ಒಂದು ಅಡ್ಡ, ಒಂದು ಉದ್ದ, ಒಂದು ಅಡ್ಡ, ಮತ್ತೆ ಎರಡು ಉದ್ದ ಎಂದು ಜೋಡಿಸಿದೆವು. ಅಚ್ಚು ಮುಚ್ಚಿ ಜಾಕ್ ಏರಿಸಿದಾಗ ಸುತ್ತಲೂ ಬಿಳಿ ಅಂಟು ಮಣಿಮಣಿಯಾಗಿ ಹೊರಗೆ ಬಂತು. ಆಚಾರ್ರು ಸುತ್ತ ಬಗ್ಗಿ ನೋಡಿ, "ಎಲ್ಲ ಬದಿಯಲ್ಲಿ ಬಂದಿದೆ, ಇನ್ನು ಮುಟ್ಟುವುದು ಬೇಡ" ಅಂದರು. ಎಲ್ಲಿ ಅಂಟು ಹೊರಗೆ ಬರುವುದಿಲ್ಲವೋ ಅಲ್ಲಿ ಒಳಗೆ ಪೊಳ್ಳು ಎಂದು ಅರ್ಥ. ರಾತ್ರಿಯಿಡೀ ಒತ್ತಡದಲ್ಲಿಟ್ಟು ಮರುದಿನ ತೆಗೆದೆವು. ತೆಗೆದ ಕೂಡಲೇ ಕೊಯ್ಯಬಾರದು. ಅಂಟಿನ ನೀರನ್ನು ಮರ ಕುಡಿದಿರುತ್ತದೆ, ಅದು ಆರಿ ಆಕಾರ ನಿಲ್ಲಲು ಕೆಲವು ದಿನ ಬೇಕು. ಒಳ್ಳೆಯ ಡೆಕ್ಕಿಗೂ ಬೇಗ ಸೊಟ್ಟಗಾಗುವ ಡೆಕ್ಕಿಗೂ ವ್ಯತ್ಯಾಸ ಬಹುಪಾಲು ಈ ಕಾಯುವಿಕೆಯಲ್ಲಿದೆ ಎಂಬುದು ನನಗೆ ಈ ಕೆಲಸದಲ್ಲಿ ಮನದಟ್ಟಾಯಿತು.

ಮುಂದಿನದು ಬೇಗ ಮುಗಿಯಿತು. ಚಕ್ರದ ಲೋಹದ ಭಾಗ, ಸ್ಕೇಟ್ ಮಾಡುವವರು ಟ್ರಕ್ ಅನ್ನುತ್ತಾರೆ, ಕೂರಿಸಲು ಮುಂದೆ ನಾಲ್ಕು ಹಿಂದೆ ನಾಲ್ಕು ತೂತು. ಗೆರೆ ಎಳೆದು ಕೊಯ್ದು, ಅಂಚು ಉರುಟು ಮಾಡಿ, ಸ್ಯಾಂಡ್‌ಪೇಪರ್ ಉಜ್ಜಿ, ಸೀಲರ್ ಹೊಡೆದೆವು.

ಇನ್ನು ಚಿತ್ರ. ಡೆಕ್ಕಿನ ಚಿತ್ರ ಬರುವುದು ಅಡಿಭಾಗದಲ್ಲಿ. ಅಳಿಯ ತಲೆಬುರುಡೆ, ಬೆಂಕಿ ಎಂದು ಮೊಬೈಲಿನಲ್ಲಿ ಏನೇನೋ ತೋರಿಸಿದ. ನಮ್ಮ ಮರದ ಹಲಗೆಗೆ ನಮ್ಮ ಮರದ ಮೇಲಿನ ಚಿತ್ರವೇ ಬರಲಿ ಎಂದು ನಾನು ಅವನನ್ನು ಮೂಡುಬಿದಿರೆಗೆ ಕರೆದುಕೊಂಡು ಹೋದೆ. ವಿಟ್ಲ, ಕಲ್ಲಡ್ಕ, ಬಿ.ಸಿ.ರೋಡು, ಸಿದ್ಧಕಟ್ಟೆ ದಾರಿ. ಮೂಡುಬಿದಿರೆಗೆ ಬಂದವರು 1430ರ ಸಾವಿರ ಕಂಬದ ಬಸದಿ ನೋಡಿ ಹೋಗುತ್ತಾರೆ. ಹತ್ತಿರದಲ್ಲೇ ಇರುವ ಚೌಟರ ಅರಮನೆಗೆ ಬರುವವರು ಕಡಿಮೆ. ಹದಿನೇಳನೇ ಶತಮಾನದ ಆ ಅರಮನೆಯ ಮರದ ಕಂಬಗಳಲ್ಲಿ ಒಂಬತ್ತು ಹೆಂಗಸರು ಹೆಣೆದುಕೊಂಡು ಆನೆಯಾದ ನವನಾರೀ ಕುಂಜರ, ಐವರು ಸೇರಿ ಕುದುರೆಯಾದ ಪಂಚನಾರೀ ತುರಗ ಇವೆ. ಅಳಿಯ ಕುದುರೆಯ ಮುಂದೆ ಕೂತುಬಿಟ್ಟ. ಯಾರ ಕೈ ಎಲ್ಲಿ ಕುದುರೆಯ ಕಾಲಾಯಿತು, ಯಾರ ಬೆನ್ನು ಎಲ್ಲಿ ಅದರ ಬೆನ್ನಾಯಿತು ಎಂದು ಹುಡುಕುತ್ತಾ ಹೋದರೆ ಕಣ್ಣು ಮತ್ತೆ ಮೊದಲಿನ ಜಾಗಕ್ಕೇ ಬರುತ್ತದೆ. ಅರಮನೆಯವರ ಅಪ್ಪಣೆ ಕೇಳಿ ಅವನು ಪೆನ್ಸಿಲಿನಲ್ಲಿ ಅದನ್ನು ತನ್ನ ಗೆರೆಯಲ್ಲಿ ಬರೆದುಕೊಂಡ. ಹಲಗೆಯ ಮೇಲೆ ನಿಂತು ಓಡುವುದು ಮೂಡುಬಿದಿರೆಗೆ ಹೊಸತೂ ಅಲ್ಲ. ಇಲ್ಲಿನ ಕೋಟಿ ಚೆನ್ನಯ ಜೋಡುಕರೆ ಕಂಬಳದಲ್ಲಿ ಅಡ್ಡ ಹಲಗೆ ವಿಭಾಗದ ಕೋಣಗಳ ಹಿಂದೆ ಕೆಸರಿನಲ್ಲಿ ಹಲಗೆಯ ಮೇಲೆ ನಿಂತು ಬರುವವರನ್ನು ನೋಡಿದವರಿಗೆ ಅದು ಗೊತ್ತು.

ಈಗ ಕಾರ್ಖಾನೆಗಳಲ್ಲಿ ಚಿತ್ರವನ್ನು ಪ್ಲಾಸ್ಟಿಕ್ ಫಿಲ್ಮಿನ ಮೇಲೆ ತಿರುಗುಮುರುಗಾಗಿ ಮುದ್ರಿಸಿ, ಡೆಕ್ಕಿನ ಮೇಲಿಟ್ಟು, ಬಿಸಿ ಸಿಲಿಕೋನ್ ಉರುಳೆ ಹಾಯಿಸುತ್ತಾರೆ. ಬಣ್ಣಗಳೆಲ್ಲ ಒಂದೇ ಏಟಿಗೆ ಮರಕ್ಕೆ ಇಳಿಯುತ್ತವೆ. ಅದಕ್ಕೆ ಮೊದಲು ಇದ್ದದ್ದು ಸ್ಕ್ರೀನ್ ಪ್ರಿಂಟಿಂಗ್, ಮದುವೆ ಕಾಗದಕ್ಕೂ ಬ್ರಹ್ಮಕಲಶದ ಬಟ್ಟೆಚೀಲಕ್ಕೂ ನಮ್ಮ ಪೇಟೆಗಳಲ್ಲಿ ಈಗಲೂ ನಡೆಯುವಂಥದ್ದು. ಅಂಥ ಒಂದು ಅಂಗಡಿಗೆ ಹೋದೆವು. ಚಿತ್ರದ ಫಿಲ್ಮನ್ನು ಮದ್ದು ಸವರಿದ ನೈಲಾನ್ ಬಲೆಯ ಮೇಲಿಟ್ಟು ಬೆಳಕು ಹಾಯಿಸಿದರು. ಬೆಳಕು ತಾಗಿದ ಕಡೆ ಮದ್ದು ಗಟ್ಟಿಯಾಗಿ ಕೂತಿತು. ಗೆರೆಯ ನೆರಳಿದ್ದ ಕಡೆ ನೀರಿಗೆ ತೊಳೆದು ಹೋಗಿ ಬಣ್ಣ ಇಳಿಯಲು ದಾರಿಯಾಯಿತು. ಒಂದು ಬಣ್ಣಕ್ಕೆ ಒಂದು ಸ್ಕ್ರೀನ್. ನಮ್ಮದು ಕಪ್ಪು ಮತ್ತು ಕುಂಕುಮದ ಕೆಂಪು.

ತೊಡಕು ಬಂದದ್ದು ಹಲಗೆಯ ಬಾಗಿನಲ್ಲಿ. ಗಟ್ಟಿ ಚೌಕಟ್ಟಿನ ಬಲೆ ಚಪ್ಪಟೆ ಕಾಗದಕ್ಕೆ ಮಾತ್ರ ತಾಗುತ್ತದೆ. ಪ್ರಿಂಟಿಂಗಿನವರು ಸ್ವಲ್ಪ ಹೊತ್ತು ಡೆಕ್ಕನ್ನು ತಿರುಗಿಸಿ ನೋಡಿ, ಉದ್ದದ ಬದಿಯ ಪಟ್ಟಿಗಳನ್ನು ಕಳಚಿ, ಬಲೆಯನ್ನು ಎರಡು ತುದಿಗಳಲ್ಲಿ ಮಾತ್ರ ಹಿಡಿದರು. "ತಮ್ಮ, ನೀನು ಆ ತುದಿ ಎಳೆದು ಹಿಡಿ, ಸಡಿಲ ಬಿಡಬೇಡ" ಎಂದು ಅಳಿಯನಿಗೆ ಹೇಳಿ, ರಬ್ಬರ್ ಪಟ್ಟಿಯಿಂದ ಬಣ್ಣವನ್ನು ಒಂದೇ ಎಳೆತಕ್ಕೆ ಎಳೆದರು. ಬಲೆ ಹಲಗೆಯ ಜೊತೆ ಬಾಗಿತು. ಎತ್ತಿದಾಗ ಕಪ್ಪು ಗೆರೆಯ ಐವರು ಹೆಂಗಸರು ಕುದುರೆಯಾಗಿ ನಿಂತಿದ್ದರು. ವಿದೇಶದ ಡೆಕ್ ಮುದ್ರಕರು ವರ್ಷಗಳಿಂದ ಮಾಡುತ್ತಿರುವುದು ಇದೇ ಉಪಾಯ. ನಮ್ಮವರು ಅದನ್ನು ಯಾರೂ ಹೇಳಿಕೊಡದೆ ಕಂಡುಕೊಂಡರು. ಕಪ್ಪು ಒಣಗಿದ ಮೇಲೆ ಕೆಂಪು, ಮೂಲೆಯ ಗುರುತಿಗೆ ಗುರುತು ಕೂರಿಸಿ. ಈ ಚಿತ್ರ ಬಹುಕಾಲ ಉಳಿಯುವುದಿಲ್ಲ. ಕಟ್ಟೆಯ ಅಂಚಿಗೆ ಹಲಗೆಯನ್ನು ಜಾರಿಸಿದಾಗಲೆಲ್ಲ ಸವೆಯುತ್ತದೆ. ಸವೆಯಲೆಂದೇ ಇರುವ ಚಿತ್ರಕ್ಕೂ ಅವರು ಅಷ್ಟು ಜಾಗ್ರತೆ ವಹಿಸಿದರು.

ಮೇಲ್ಭಾಗಕ್ಕೆ ಸ್ಯಾಂಡ್‌ಪೇಪರಿನಂಥ ಗ್ರಿಪ್ ಟೇಪ್ ಅಂಟಿಸಿ, ಹಳೆಯ ಚಕ್ರ ಹಾಕಿ, ಅಳಿಯ ಅದನ್ನು ತಿಂಗಳುಗಟ್ಟಲೆ ಓಡಿಸಿದ. ನನ್ನ ಅಭಿಪ್ರಾಯ ಹೀಗೆ. ರಬ್ಬರ್ ಮರ ಮೇಪಲ್ ಅಲ್ಲ. ಗಡಸುತನ ಅಳೆಯುವ ಜಾಂಕಾ ಪರೀಕ್ಷೆಯಲ್ಲಿ ಸಕ್ಕರೆ ಮೇಪಲ್ 1450 ಪೌಂಡ್ ತಡೆದರೆ ರಬ್ಬರ್ ಮರ ಸುಮಾರು 960. ಮೆಟ್ಟಿಲ ಮೇಲಿಂದ ಹಾರುವವರಿಗೆ ಇದು ಸಾಲದು, ತುದಿ ಬೇಗ ಜಜ್ಜುತ್ತದೆ. ಕಲಿಯುವ ಮಕ್ಕಳಿಗೆ ಧಾರಾಳ ಸಾಕು.

ಕಲಿಯಲು ಜಾಗ ಬೇಕು, ಅಷ್ಟೇ. 2013ರಲ್ಲಿ ಬೆಂಗಳೂರಿನ ಹೋಲಿ ಸ್ಟೋಕ್ಡ್ ಎಂಬ ಸ್ಕೇಟ್‌ಬೋರ್ಡ್ ಬಳಗದ ಹುಡುಗರು ಹೊರದೇಶದ ಗೆಳೆಯರ ಜೊತೆ ತಾವೇ ಕೈಯಾರೆ ಕಾಂಕ್ರೀಟಿನ ಸ್ಕೇಟ್ ಪಾರ್ಕ್ ಕಟ್ಟಿದರು. 2015ರಲ್ಲಿ ಮಧ್ಯಪ್ರದೇಶದ ಪನ್ನಾ ಜಿಲ್ಲೆಯ ಜನವಾರ್ ಎಂಬ ಹಳ್ಳಿಯಲ್ಲಿ ಅಂಥದ್ದೇ ಒಂದು ಎದ್ದಿತು. ಶಾಲೆಗೆ ಬಾರದವರಿಗೆ ಬೋರ್ಡಿಲ್ಲ, ಹೆಣ್ಣುಮಕ್ಕಳಿಗೆ ಮೊದಲ ಸರದಿ ಎಂಬುದು ಅಲ್ಲಿನ ನಿಯಮ. ಮಕ್ಕಳು ಎಲ್ಲಿಗೆ ತಲುಪಬಹುದೆಂಬುದಕ್ಕೆ ಸಾಕ್ಷಿಯೂ ಇದೆ: 2021ರಲ್ಲಿ ಟೋಕಿಯೊ ಒಲಿಂಪಿಕ್ಸಿನಲ್ಲಿ ಈ ಆಟ ಮೊದಲ ಬಾರಿಗೆ ಬಂದಾಗ ಹೆಣ್ಣುಮಕ್ಕಳ ಸ್ಟ್ರೀಟ್ ವಿಭಾಗದಲ್ಲಿ ಚಿನ್ನ ಗೆದ್ದ ಜಪಾನಿನ ಮೊಮಿಜಿ ನಿಶಿಯಾಗೆ ಹದಿಮೂರು ವರ್ಷ.

ನಮ್ಮಲ್ಲಿ ಮರವಿದೆ, ಆಚಾರ್ರಿದ್ದಾರೆ, ಮುದ್ರಿಸುವ ಕೈಗಳಿವೆ. ಕನ್ಯಾನ, ವಿಟ್ಲದ ಕಡೆಯ ಶಾಲೆಗಳವರೂ ಪಂಚಾಯತಿನವರೂ ನುಣುಪಾದ ಒಂದು ಕಾಂಕ್ರೀಟು ಅಂಗಳ ಮಾಡಿಕೊಡಲಿ. ತೋಟದ ಮರ ಕಡಿಸುವವರು ಮಿಲ್ಲಿಗೆ ಮಾತು ಕೊಡುವ ಮುನ್ನ ಒಂದು ದಿಮ್ಮಿಯ ಹಾಳೆಯನ್ನು ಮಕ್ಕಳಿಗಾಗಿ ವಾಪಸು ಕೇಳಿಕೊಳ್ಳಲಿ. ಹಲಗೆ ಮಾಡಿಕೊಟ್ಟವರು ಹೆಲ್ಮೆಟನ್ನೂ ಮೊಣಕಾಲಿನ ಪ್ಯಾಡನ್ನೂ ಜೊತೆಗೇ ಕೊಡಿ. ಅವಿಲ್ಲದೆ ಯಾವ ಮಗುವನ್ನೂ ಹಲಗೆ ಹತ್ತಿಸಬೇಡಿ.