ಅಳಿಸಿಹೋದ ಗೆರೆಗಳು

ಇಂದಿರಾನಗರದಲ್ಲಿರುವ ಅಕ್ಕನ ಮಗ ಡಿಸ್ನಿಯವರ 'ಸಿಂಡ್ರೆಲಾ' ಚಿತ್ರದ 4ಕೆ ಡಿಸ್ಕ್ ತರಿಸಿದ್ದ. ಚಿತ್ರ 1950ರದ್ದು, ಡಿಸ್ಕ್ ಬಂದದ್ದು 2023ರಲ್ಲಿ. ಶಿವಾಜಿನಗರದ ನಮ್ಮ ಮನೆಯಲ್ಲಿ ಬಾಡಿಗೆ ವಿಸಿಡಿ ನೋಡಿ ಬೆಳೆದವಳು ನಾನು. ಬಹಳ ಆಸೆಯಿಂದ ಕುಳಿತೆ. ಪರದೆಯ ತುಂಬ ಸಣ್ಣ ಮರಳಿನಂಥ ಕಣಗಳು!

"ಇಷ್ಟು ದುಬಾರಿ ಡಿಸ್ಕು, ಚಿತ್ರವೇ ಶುಭ್ರವಾಗಿಲ್ಲವಲ್ಲೋ" ಎಂದೆ.

ಅವನು ನಕ್ಕು, 2012ರ ಬ್ಲೂ-ರೇ ಹಾಕಿದ. ಎಲ್ಲವೂ ಗಾಜಿನಂತೆ ನುಣುಪು. "ಖಾಲಾ, ಈಗ ಅವಳ ಉಡುಪಿನ ಮಡಿಕೆ ನೋಡಿ" ಎಂದ. ಕಣಗಳನ್ನು ಒರೆಸುವಾಗ ಕಲಾವಿದರು ಕೈಯಾರೆ ಎಳೆದ ತೆಳು ಗೆರೆಗಳೂ ಅಲ್ಲಲ್ಲಿ ಅಳಿಸಿಹೋಗಿದ್ದವು.

ಆ ಕಾಲದಲ್ಲಿ ಪ್ರತಿ ಚಿತ್ರವನ್ನೂ ಕೆಂಪು, ಹಸಿರು, ನೀಲಿ ಫಿಲ್ಟರುಗಳ ಮೂಲಕ ಮೂರು ಸಲ ಕಪ್ಪುಬಿಳುಪು ಫಿಲ್ಮಿನಲ್ಲಿ ಸೆರೆಹಿಡಿಯುತ್ತಿದ್ದರು. ಕಣಗಳು ಆ ಫಿಲ್ಮಿನ ಮೈಯೇ ಹೊರತು ಕೊಳೆಯಲ್ಲ. 4ಕೆಯಲ್ಲಿ ಬ್ಲೂ-ರೇಯ ನಾಲ್ಕು ಪಟ್ಟು ಚುಕ್ಕೆಗಳಿರುತ್ತವೆ ನಿಜ. ಆದರೆ ಗೆರೆಯನ್ನೇ ಒರೆಸಿದ ಮೇಲೆ ಚುಕ್ಕೆಗಳೆಷ್ಟಿದ್ದರೇನು?

ನನಗೆ ಅಮ್ಮಿ ನೆನಪಾದರು. ಅವರು ತೀರಿಕೊಂಡ ಮೇಲೆ ಹಳೆಯ ಫೋಟೋವೊಂದನ್ನು ಸರಿಪಡಿಸಲು ಸ್ಟುಡಿಯೋಗೆ ಕೊಟ್ಟಿದ್ದೆ. ಕಲೆಗಳ ಜೊತೆಗೆ ಕೆನ್ನೆಯ ಸಿಡುಬಿನ ಗುರುತುಗಳನ್ನೂ ಅವರು ತೆಗೆದುಬಿಟ್ಟಿದ್ದರು. ನೋಡಿದವರೆಲ್ಲ ಚೆನ್ನಾಗಿದೆ ಎಂದರು. ನಾನೂ ಹಾಗೆಂದೇ ಗೋಡೆಗೆ ಹಾಕಿದ್ದೆ.

ಅಂದು ಮನೆಗೆ ಬಂದು ನೋಡಿದರೆ, ಗೋಡೆಯ ಮೇಲೆ ಯಾರೋ ಅಪರಿಚಿತ ಹೆಂಗಸು. ಒರೆಸುವ ಮುನ್ನ ಯಾವುದು ಕೊಳೆ, ಯಾವುದು ಗುರುತು ಎಂದು ಕೇಳಿಕೊಳ್ಳಬೇಕಿತ್ತು. ಪುಣ್ಯಕ್ಕೆ ಮೂಲ ಫೋಟೋ ಕಬ್ಬಿಣದ ಪೆಟ್ಟಿಗೆಯಲ್ಲಿತ್ತು. ಮೂಲೆ ಹರಿದಿದೆ, ಬಣ್ಣ ಮಾಸಿದೆ. ಈಗ ಗೋಡೆಯ ಮೇಲಿರುವುದು ಅದೇ.