ಕ್ಯಾಲೆಂಡರಿನ ಕೆಂಪು ಸುತ್ತು

ಇದನ್ನ ಬರೆಯೋಣ ಅಂತ ತುಂಬಾ ದಿನದಿಂದ ಅಂದುಕೊಳ್ತಿದ್ದೆ. ಸಂಕೋಚ ಬಿಡ್ತಿರಲಿಲ್ಲ. ಇವತ್ತು ಬರೆದೇ ಬಿಡ್ತೀನಿ.

ಸತ್ತೇಗಾಲದ ನಮ್ಮನೆಯಲ್ಲಿ ಗೋಡೆ ಕ್ಯಾಲೆಂಡರ್ ಅಂದ್ರೆ ಹಾಲಿನ ಲೆಕ್ಕ, ಗ್ಯಾಸ್ ಬಂದ ತಾರೀಖು, ಸಂಘದ ಕಂತು, ಅಷ್ಟೇ. 2024ರಲ್ಲಿ ಅದರೊಳಗೆ ಕೆಂಪು ಪೆನ್ನಿನ ಸುತ್ತುಗಳೂ ಸೇರಿಕೊಂಡವು. ಆಗ ನನಗೆ 46.

ತಪ್ಪದೆ ಬರ್ತಿದ್ದ ಮುಟ್ಟು ಒಂದು ಸಲ 20 ದಿನಕ್ಕೇ ಬಂತು, ಮುಂದಿನದು 45 ದಿನಕ್ಕೆ. ಬಂದ್ರೆ ಎಂಟು ದಿನ ನಿಲ್ತಿರಲಿಲ್ಲ. ಸಂಕ್ರಾಂತಿ ಚಳಿಯಲ್ಲೂ ನಡುರಾತ್ರಿ ಎದ್ದು ಕೂತರೆ, ಭರಚುಕ್ಕಿ ಮುಂದೆ ನಿಂತವಳ ಹಾಗೆ ಮೈಯೆಲ್ಲ ಒದ್ದೆ! ಎದೆ ಡವಡವ. ಹ್ಯಾಂಡ್‌ಪೋಸ್ಟ್‌ನಲ್ಲಿ ಕೊಳ್ಳೇಗಾಲದ ಬಸ್ಸು ಹತ್ತೋದ್ರೊಳಗೆ ಏದುಸಿರು. ಸಾರಿಗೆ ಉಪ್ಪು ಕಮ್ಮಿ ಅಂದ ಮಗನ ಮೇಲೆ ಸೌಟು ಎತ್ತುವಷ್ಟು ಸಿಟ್ಟು...

"ವಯಸ್ಸಿಂದು ಕನವ್ವ, ಸುಮ್ನಿರು. ನಂಗೂ ಹಿಂಗೇ ಆಯ್ತಿತ್ತು, ರಾತ್ರೆಲ್ಲ ಜಗುಲಿ ಮ್ಯಾಲೇ ಮಲಗ್ತಿದ್ದೆ" ಅಂದ್ರು ಅವ್ವ. ನಾನೂ ಸುಮ್ಮನಿದ್ದೆ. ಮೆಡಿಕಲ್ ಶಾಪಿನಿಂದ ಶಕ್ತಿ ಮಾತ್ರೆ ತಂದು ಎರಡು ತಿಂಗಳು ನುಂಗಿದೆ.

ಒಂದು ರಾತ್ರಿ ನಿದ್ದೆ ಬರದೆ ಕೂತಾಗ ದೊಡ್ಡವ್ವ ನೆನಪಾದ್ರು. ಮುಟ್ಟು ನಿಂತು ಮೂರು ವರ್ಷ ಆದ ಮೇಲೆ ಅವರಿಗೆ ಮತ್ತೆ ರಕ್ತ ಕಾಣಿಸಿಕೊಂಡಿತ್ತು. "ಉಷ್ಣ" ಅಂತ ಎಳನೀರು ಕುಡಿದುಕೊಂಡೇ ಇದ್ರು. ಆಸ್ಪತ್ರೆಗೆ ಹೋಗೋ ಹೊತ್ತಿಗೆ ಗರ್ಭಕೋಶದ ಕ್ಯಾನ್ಸರ್ ಹಬ್ಬಿತ್ತು. ಅವರಿಗೂ ಎಲ್ಲರೂ ಹೇಳಿದ್ದು ಇದೇ ಮಾತು, "ವಯಸ್ಸಿಂದು".

ಬೆಳಿಗ್ಗೆ ಕ್ಯಾಲೆಂಡರ್ ಸುತ್ತಿ ಬ್ಯಾಗಿಗೆ ಹಾಕಿಕೊಂಡು ಕೊಳ್ಳೇಗಾಲಕ್ಕೆ ಹೊರಟೆ.

ಲೇಡಿ ಡಾಕ್ಟ್ರು ಮೊದಲು ಬರೆದಿದ್ದೇ ಪ್ರೆಗ್ನೆನ್ಸಿ ಟೆಸ್ಟು! ನಾಚಿಕೆಯಿಂದ ನಕ್ಕುಬಿಟ್ಟೆ. ಅವರು ನಗಲಿಲ್ಲ. ಮುಟ್ಟು ಏರುಪೇರಾಗಿದ್ರೂ ಪೂರ್ತಿ ನಿಲ್ಲೋವರೆಗೂ ಬಸಿರಾಗಬಹುದಂತೆ. ಆಮೇಲೆ ಹಿಮೋಗ್ಲೋಬಿನ್, ಥೈರಾಯ್ಡ್, ಶುಗರ್. ಥೈರಾಯ್ಡ್ ಜಾಸ್ತಿಯಾದ್ರೂ ಬೆವರು, ಎದೆಬಡಿತ ಬರುತ್ತೆ. ಕಮ್ಮಿಯಾದ್ರೆ ಸುಸ್ತು, ಹೆಚ್ಚು ರಕ್ತಸ್ರಾವ. ಗಡ್ಡೆ ಇದೆಯಾ ಅಂತ ಸ್ಕ್ಯಾನಿಂಗ್. ವಯಸ್ಸು 45 ದಾಟಿದ್ದರಿಂದ ಗರ್ಭಕೋಶದ ಒಳಪದರದ ಚೂರನ್ನೂ ಪರೀಕ್ಷೆಗೆ ಕಳಿಸಿದ್ರು.

"ಹಾರ್ಮೋನ್ ಟೆಸ್ಟ್ ಬೇಡ್ವಾ ಮೇಡಂ?" ಅಂದೆ. "ಈ ವಯಸ್ಸಲ್ಲಿ ಅದು ಇವತ್ತೊಂದು, ನಾಳೆಯೊಂದು ತೋರಿಸುತ್ತೆ. ಅದಕ್ಕಿಂತ ನಿಮ್ಮ ಕ್ಯಾಲೆಂಡರೇ ಚೆನ್ನಾಗಿ ಹೇಳ್ತಿದೆ" ಅಂದ್ರು.

ಒಳಪದರದ ರಿಪೋರ್ಟ್ ಬರೋವರೆಗೆ ಕಳೆದ ದಿನಗಳನ್ನ ಹೇಳೋದು ಬೇಡ. ಕೊನೆಗೆ ಕ್ಯಾನ್ಸರ್ ಇರಲಿಲ್ಲ. ಗಡ್ಡೆಯೂ ಇಲ್ಲ, ಥೈರಾಯ್ಡ್ ಸರಿ. ಆದರೆ 12 ಇರಬೇಕಾದ ಹಿಮೋಗ್ಲೋಬಿನ್ 8.6! ರಾತ್ರಿ ಬೆವರು, ಮುಟ್ಟಿನ ಏರುಪೇರು ಪೆರಿಮೆನೋಪಾಸಿಂದು, ಅಂದ್ರೆ ಮುಟ್ಟು ನಿಲ್ಲೋ ಮುಂಚಿನ ವರ್ಷಗಳದ್ದು. ಏದುಸಿರು ಮಾತ್ರ ರಕ್ತಹೀನತೆಯದು. ಅವ್ವ ಹೇಳಿದ್ದು ಅರ್ಧ ನಿಜ. ಇನ್ನರ್ಧಕ್ಕೆ ಔಷಧಿ ಇತ್ತು.

ರಕ್ತಸ್ರಾವ ಕಮ್ಮಿ ಮಾಡೋಕೆ ಮಾತ್ರೆ, ಜೊತೆಗೆ ಕಬ್ಬಿಣದ ಮಾತ್ರೆ. ಅದನ್ನ ಕಾಫಿ ಟೀ ಜೊತೆ ನುಂಗಬಾರದು, ಮೈಗೆ ಹತ್ತೋದಿಲ್ಲ. ಮೂರು ತಿಂಗಳಿಗೆ 11.4ಕ್ಕೆ ಬಂತು. ಬೆವರು ಇನ್ನೂ ಇದೆ, ಆದರೆ ಹೆದರಿಕೆ ಇಲ್ಲ. ಡಾಕ್ಟ್ರು ಇನ್ನೊಂದು ಮಾತು ಹೇಳಿದ್ರು: 12 ತಿಂಗಳು ಮುಟ್ಟೇ ಇಲ್ಲದಿದ್ರೆ ಮಾತ್ರ ನಿಂತಿತು ಅಂತ ಲೆಕ್ಕ. ಅದಾದ ಮೇಲೆ ಒಂದು ಹನಿ ರಕ್ತ ಕಂಡರೂ ಕಾಯಬಾರದು. ಗಂಟೆಗೊಂದು ಪ್ಯಾಡ್ ನೆನೆದರೂ, ಎರಡು ಮುಟ್ಟಿನ ನಡುವೆ ಕಂಡರೂ ಅಷ್ಟೇ.

ಮೊನ್ನೆ ಅವ್ವ ಕ್ಯಾಲೆಂಡರ್ ನೋಡಿ, "ಅದೇನವ್ವ ಕೆಂಪು ಸುತ್ತು, ಹಾಲ್ನೋನ್ಗೆ ಬಾಕಿನಾ?" ಅಂದ್ರು. ಎಲ್ಲ ಹೇಳಿದೆ. ಸುಮಾರು ಹೊತ್ತು ಮಾತಾಡಲಿಲ್ಲ.

"ನಿಮ್ ದೊಡ್ಡವ್ವನ್ನೂ ಯಾರಾರ ಕರ್ಕೊಂಡೋಗ್ಬೇಕಾಗಿತ್ತು ಕನವ್ವ."

ನಿಮ್ಮ ಮನೆಯಲ್ಲೂ ಅಮ್ಮನೋ ಅಕ್ಕನೋ "ವಯಸ್ಸಿಂದು" ಅಂತ ಸುಮ್ಮನಿದ್ದಾರಾ? ಒಂದು ಸಲ ಕೇಳಿ ನೋಡಿ...