ಆರು ಜನ, ಐದು ಜನರ ಟಿಕೆಟ್

ನಮ್ಮ ಬ್ಯಾಚಿನ ಟ್ರಿಪ್ ಪ್ಲಾನ್‌ಗಳ ಚರಿತ್ರೆ ಗೊತ್ತಿರುವವರು ಇದನ್ನು ಓದಿ ಮೊದಲು ನಗುತ್ತಾರೆ. ನಾಲ್ಕು ವರ್ಷ ಹಾಸ್ಟೆಲ್ಲಿನಲ್ಲಿ ಕೂತು ದೂಧಸಾಗರಕ್ಕೆ ಹೋಗುವ ಪ್ಲಾನ್ ಮಾಡಿದವರು ನಾವು. ಕ್ಯಾಸಲ್‌ರಾಕ್‌ವರೆಗೆ ಯಾವ ಗಾಡಿ, ಟಾರ್ಚು ಯಾರು ತರಬೇಕು, ಪುಳಿಯೋಗರೆ ಯಾರ ಮನೆಯಿಂದ, ಎಲ್ಲವೂ ಪ್ರತಿ ಸೆಮಿಸ್ಟರ್ ಹೊಸದಾಗಿ ತೀರ್ಮಾನವಾಗುತ್ತಿತ್ತು. ಹೋಗಿದ್ದು ಮಾತ್ರ ಗೇಟಿನ ಎದುರಿನ ಟೀ ಅಂಗಡಿಗೆ.

ಅದೇ ಆರು ಜನ ಈಗ ಜರ್ಮನಿಯ ಐದು ಊರುಗಳಲ್ಲಿ ಎಂ.ಎಸ್. ಮಾಡುತ್ತಿದ್ದೇವೆ. ಹಾಸ್ಟೆಲ್ಲಿನ ರೂಢಿಯಂತೆ ಇಲ್ಲೂ ನಮಗೆ ಊರಿನ ಹೆಸರೇ ಹೆಸರು. ಶಿರಸಿ ಮತ್ತು ಹಾಸನ ಮ್ಯೂನಿಕ್‌ನಲ್ಲಿ, ದಾವಣಗೆರೆ ಆಕೆನ್‌ನಲ್ಲಿ, ಕೋಲಾರ ಸ್ಟುಟ್‌ಗಾರ್ಟ್‌ನಲ್ಲಿ, ಉಡುಪಿ ಡ್ರೆಸ್ಡೆನ್‌ನಲ್ಲಿ, ಗದಗ ಪೂರ್ವದ ಕಡೆಯ ಒಂದು ಸಣ್ಣ ಊರಿನಲ್ಲಿ. ಶಿರಸಿ, ಕೋಲಾರ ಇಬ್ಬರೂ ಹುಡುಗಿಯರು. 2024ರ ಅಕ್ಟೋಬರಿನ ಒಂದು ರಾತ್ರಿ ದಾವಣಗೆರೆ ಗ್ರೂಪಿನಲ್ಲಿ ಬರೆದ: "ಲೇ, ಈ ಸಲ ಸ್ಕೀಯಿಂಗ್ ಹೋಗೋದೇ. ಟ್ರೈನಲ್ಲಿ. ಆಲ್ಪ್ಸ್‌ಗೆ."

ಟ್ರೈನೇ ಯಾಕೆ ಅಂದರೆ ಬೇರೆ ದಾರಿ ಇರಲಿಲ್ಲ. ಕಾರು ಓಡಿಸುವ ಲೈಸೆನ್ಸ್ ಯಾರ ಹತ್ತಿರವೂ ಇಲ್ಲ. ಆದರೆ ನಾಲ್ಕು ಜನರ ಹತ್ತಿರ ಡಾಯ್ಚ್‌ಲಾಂಡ್ ಟಿಕೆಟ್ ಇತ್ತು. ಗೊತ್ತಿಲ್ಲದ ಜೂನಿಯರ್‌ಗಳಿಗೆ ಹೇಳುವುದಾದರೆ, ಇದು ದೇಶದ ಯಾವ ಮೂಲೆಯ ಲೋಕಲ್ ರೈಲು, ಟ್ರಾಮು, ಬಸ್ಸು ಹತ್ತಿದರೂ ನಡೆಯುವ ತಿಂಗಳ ಪಾಸು. 2023ರ ಮೇ ತಿಂಗಳಲ್ಲಿ 49 ಯೂರೋಗೆ ಶುರುವಾಗಿ 2025ರ ಜನವರಿಯಲ್ಲಿ 58 ಆಯಿತು. ಕೆಲವು ವಿಶ್ವವಿದ್ಯಾಲಯಗಳಲ್ಲಿ ಸೆಮಿಸ್ಟರ್ ಶುಲ್ಕದಲ್ಲೇ ಸೇರಿಕೊಂಡು ಕಡಿಮೆಗೆ ಸಿಗುತ್ತದೆ. ವೇಗದ ರೈಲುಗಳಿಗೆ ನಡೆಯುವುದಿಲ್ಲ, ಅದೊಂದೇ ಕೊರತೆ. ಹಾಗಾಗಿ ದಾವಣಗೆರೆ ಆಕೆನ್‌ನಿಂದ ಮ್ಯೂನಿಕ್‌ಗೆ ಬರಬೇಕಾದರೆ ಬೆಳಗ್ಗೆ ಹೊರಟು ಐದಾರು ಕಡೆ ಗಾಡಿ ಬದಲಿಸಿ ರಾತ್ರಿ ಇಳಿಯಬೇಕು. ಪ್ಲಾನ್ ಹಾಕಿದವನೇ ಅನುಭವಿಸಲಿ ಅಂತ ಬಿಟ್ಟೆವು.

ಮೊದಲ ಆಯ್ಕೆ ಆಸ್ಟ್ರಿಯಾದ ಸೇಂಟ್ ಆಂಟನ್. ಇದರ ಆಕರ್ಷಣೆ ಏನೆಂದರೆ ರೈಲು ನೇರವಾಗಿ ಹಿಮದ ಬುಡಕ್ಕೇ ಹೋಗುತ್ತದೆ. 1884ರಲ್ಲಿ ತೆರೆದ ಆರ್ಲ್‌ಬರ್ಗ್ ಸುರಂಗ, ಹತ್ತು ಕಿಲೋಮೀಟರಿಗಿಂತ ಉದ್ದದ್ದು, ಈ ಊರಿನ ಪಕ್ಕದಲ್ಲೇ ಬೆಟ್ಟದೊಳಗೆ ನುಗ್ಗುತ್ತದೆ. ರೈಲು ಬಂದಿದ್ದರಿಂದಲೇ ಕಣಿವೆಯ ಬಡ ಹಳ್ಳಿಗೆ ಪ್ರವಾಸಿಗರು ಬಂದರು, ಹಾನೆಸ್ ಶ್ನೈಡರ್ ಎಂಬಾತ ಇಲ್ಲಿ ಕಲಿಸಿದ ಸ್ಕೀ ವಿಧಾನ ಲೋಕಕ್ಕೆಲ್ಲ ಹರಡಿತು. 2001ರ ವಿಶ್ವ ಚಾಂಪಿಯನ್‌ಷಿಪ್‌ಗೆ ಜಾಗ ಬೇಕಾದಾಗ ಹಳಿ, ನಿಲ್ದಾಣ ಎರಡನ್ನೂ ಊರಿನ ಇನ್ನೊಂದು ಬದಿಗೆ ಎತ್ತಿಟ್ಟರು. ಸಿವಿಲ್ ಓದಿದ ಕೋಲಾರ ಈ ಒಂದು ವಿಷಯಕ್ಕೇ ಅಲ್ಲಿಗೆ ಹೋಗಬೇಕು ಅಂದಳು.

ಹಾಸನ ಒಂದು ಶೀಟ್ ತೆರೆದ. ಏಳು ಟ್ಯಾಬು. ರೈಲು, ರೂಮು, ಪಾಸು, ಬಾಡಿಗೆ ಸಾಮಾನು, ಊಟ, ದಿನಾಂಕ, "ಇತರೆ". ದಿನಾಂಕದ ಟ್ಯಾಬೇ ಎರಡು ವಾರ ತಿಂದಿತು. ಒಬ್ಬರಿಗೆ ಲೆಕ್ಚರ್ ಮುಗಿಯುವುದು ಜನವರಿ ಕೊನೆಗೆ, ಇನ್ನೊಬ್ಬರಿಗೆ ಫೆಬ್ರವರಿ ಎರಡನೇ ವಾರ, ಮೂರನೆಯವರಿಗೆ ಅಷ್ಟರಲ್ಲಿ ಪರೀಕ್ಷೆ ಶುರು. ಬವೇರಿಯಾದ ಶಾಲೆಗಳಿಗೆ ಮಾರ್ಚ್ ಮೊದಲ ವಾರ ರಜೆ, ಆಗ ಹೋದರೆ ಮಕ್ಕಳ ಜಾತ್ರೆ. ಎಲ್ಲ ಕಳೆದು ಉಳಿದದ್ದು ಫೆಬ್ರವರಿ ನಡುವಿನ ಮೂರು ದಿನ.

ಆಮೇಲೆ ಟಿಕೆಟ್ ಲೆಕ್ಕ. ಡಾಯ್ಚ್‌ಲಾಂಡ್ ಟಿಕೆಟ್ಟಿನಲ್ಲಿ ಗಡಿ ದಾಟಿ ಕುಫ್‌ಸ್ಟೈನ್‌ವರೆಗೆ ಹೋಗಬಹುದು, ಮುಂದಕ್ಕೆ ಆಸ್ಟ್ರಿಯಾದ ಟಿಕೆಟ್ ಬೇಕು. ಅಲ್ಲಿ ಲೋಕಲ್ ಗಾಡಿಗಳಿಗೆ ಒಂದು ಗುಂಪಿನ ಟಿಕೆಟ್ ಇದೆ, ಎರಡರಿಂದ ಐದು ಜನಕ್ಕೆ. ಈ ಕಡೆ ಬವೇರಿಯಾದಲ್ಲೂ ಒಂದು ದಿನದ ಗುಂಪು ಟಿಕೆಟ್ ಇದೆ, ಅದೂ ಐದು ಜನಕ್ಕೆ. ನಾವು ಆರು. ಎರಡು ದೇಶದವರೂ ಮಾತಾಡಿಕೊಂಡು ಆರನೆಯವನನ್ನು ಹೊರಗಿಟ್ಟಂತೆ ಇತ್ತು. ಹಾಸನ ಗ್ರೂಪಿನಲ್ಲಿ ಬರೆದ: "ಐದೇ ಜನ ಆಗಿದ್ದರೆ ಲೆಕ್ಕ ಎಷ್ಟು ಚೆನ್ನಾಗಿ ಕೂರ್ತಿತ್ತು!" ಎಲ್ಲರೂ ನಗುವ ಮುಖ ಒತ್ತಿದೆವು. ಗದಗನೂ ಒತ್ತಿದ.

ನವೆಂಬರಿನಲ್ಲಿ ಬಾಡಿಗೆ ಸಾಮಾನಿನ ಟ್ಯಾಬ್ ತುಂಬುವ ಕೆಲಸ ಬಂತು. ಸ್ಕೀ ಬಾಡಿಗೆಗೆ ಕೊಡುವವರು ಎತ್ತರ, ತೂಕ, ವಯಸ್ಸು, ಶೂ ಅಳತೆ, ಎಷ್ಟು ಅಭ್ಯಾಸ ಇದೆ ಅಂತ ಕೇಳುತ್ತಾರೆ. ಕಾಲಿನ ಬೂಟನ್ನು ಸ್ಕೀಗೆ ಹಿಡಿದಿಡುವುದು ಬೈಂಡಿಂಗ್ ಅನ್ನುವ ಸ್ಪ್ರಿಂಗ್ ವ್ಯವಸ್ಥೆ. ಬಿದ್ದಾಗ ಅದು ತಾನೇ ಬಿಚ್ಚಿಕೊಂಡು ಕಾಲನ್ನು ಬಿಟ್ಟುಬಿಡಬೇಕು. ಎಷ್ಟು ಬಲಕ್ಕೆ ಬಿಚ್ಚಬೇಕು ಎಂಬುದನ್ನು ಈ ಅಂಕಿಗಳಿಂದ, ಜೊತೆಗೆ ಬೂಟಿನ ಅಡಿಯ ಉದ್ದದಿಂದ, ಐ.ಎಸ್.ಓ. ಕೋಷ್ಟಕ ನೋಡಿ ಇಡುತ್ತಾರೆ. ತೂಕ ಹೆಚ್ಚು ಹೇಳಿದರೆ ಸ್ಪ್ರಿಂಗ್ ಬಿಗಿಯಾಗಿ, ಬಿದ್ದಾಗ ಬಿಚ್ಚದೆ ಮೊಣಕಾಲು ತಿರುಚುತ್ತದೆ. ಕಡಿಮೆ ಹೇಳಿದರೆ ಓಡುತ್ತಿರುವಾಗಲೇ ಸ್ಕೀ ಕಳಚಿಕೊಳ್ಳುತ್ತದೆ. ಮೆಕ್ಯಾನಿಕಲ್‌ನವರಾದ ನಾವು ಮೂವರು ಇದನ್ನು ಗ್ರೂಪಿನಲ್ಲಿ ಉದ್ದಕ್ಕೆ ವಿವರಿಸಿ, ಯಾರೂ ಸುಳ್ಳು ತೂಕ ಬರೆಯಬಾರದು ಅಂತ ಆಜ್ಞೆ ಹೊರಡಿಸಿದೆವು.

ಗದಗನ ಸಾಲಿನಲ್ಲಿ ಹೀಗಿತ್ತು: ಎತ್ತರ 178, ತೂಕ 57, ಶೂ 42.

ಫೈನಲ್ ಇಯರ್‌ನಲ್ಲಿ ರಕ್ತದಾನ ಶಿಬಿರದಲ್ಲಿ ಎಲ್ಲರನ್ನೂ ಸಾಲಾಗಿ ತೂಗಿದ್ದರು. ಅವನು ಆಗ 70 ಇದ್ದ. ತಮಾಷೆಯೆಂದೇ ತಿಳಿದು ಹಾಸನ ಬರೆದ: "ಲೋ, ಸರಿಯಾಗಿ ಹಾಕೋ. ಬೈಂಡಿಂಗ್ ಬಿಚ್ಕೊಂಡು ಕಣಿವೆಗೆ ಹೋಗ್ತೀಯ." ಉತ್ತರ ಬಂತು: "ಖರೇನ ಹಾಕೇನಿ." ಮರುದಿನ ಇನ್ನೊಂದು: "ನೀವೆಲ್ಲಾ ಹೋಗಿ ಬರ್ರಿ. ನನಗ ಆ ವಾರ ಶಿಫ್ಟ್ ಐತಿ. ಈಗ ಐದ ಮಂದಿ ಆದ್ರಿ, ಟಿಕೆಟ್ಟೂ ಹೊಂದತೈತಿ."

ಅವನು ವ್ಯಂಗ್ಯವಾಗಿ ಬರೆದನೋ ಸುಮ್ಮನೆ ಬರೆದನೋ ನಮಗೆ ಇವತ್ತಿಗೂ ಗೊತ್ತಿಲ್ಲ. ಕೇಳುವ ಧೈರ್ಯ ಆಗಿಲ್ಲ.

ಫೋನ್ ಮಾಡಿದ್ದು ಕೋಲಾರ. ಒಂದೂವರೆ ಗಂಟೆ ಮಾತಾಡಿದಳಂತೆ. ವಿಷಯ ಇಷ್ಟು. ಅವನ ರೆಸಿಡೆನ್ಸ್ ಪರ್ಮಿಟ್ ಕಾರ್ಡಿನ ಅವಧಿ ಮುಗಿದಿತ್ತು. ನವೀಕರಣಕ್ಕೆ ಸಮಯಕ್ಕೆ ಸರಿಯಾಗಿಯೇ ಅರ್ಜಿ ಹಾಕಿದ್ದ, ಆದರೆ ಕಚೇರಿಯಲ್ಲಿ ಭೇಟಿಗೆ ಸಿಕ್ಕ ದಿನಾಂಕ ಮಾರ್ಚ್. ಅಲ್ಲಿಯವರೆಗೆ ಕಾರ್ಡಿನ ಬದಲಿಗೆ ಒಂದು ಮಡಿಸಿದ ಕಾಗದ, ಫಿಕ್ಷನ್ಸ್‌ಬೆಶೈನಿಗುಂಗ್ ಅಂತ. ಹೆಸರಿನಲ್ಲೇ 'ಫಿಕ್ಷನ್' ಇದೆ. ನವೀಕರಣವಾಗಬೇಕಾದರೆ ಮುಂದಿನ ಖರ್ಚಿಗೆ ದುಡ್ಡಿದೆ ಅಂತ ಮತ್ತೆ ತೋರಿಸಬೇಕು, ತಿಂಗಳಿಗೆ 992 ಯೂರೋ ಲೆಕ್ಕದಲ್ಲಿ. ಊರಿನಲ್ಲಿ ಶಿಕ್ಷಣ ಸಾಲದ ಎರಡನೇ ಕಂತು ಯಾವುದೋ ಕಾಗದಕ್ಕೆ ಸಿಕ್ಕಿಕೊಂಡು ನಿಂತಿತ್ತು. ಇವನು ಉಗ್ರಾಣವೊಂದರಲ್ಲಿ ರಾತ್ರಿ ಪೆಟ್ಟಿಗೆ ಎತ್ತಿ ದುಡ್ಡು ಕೂಡಿಡುತ್ತಿದ್ದ. ಹಗಲು ಲ್ಯಾಬ್. ಅಡುಗೆ ಮಾಡಿಕೊಳ್ಳಲು ಪುರುಸೊತ್ತಿಲ್ಲ, ಹೊರಗೆ ತಿನ್ನಲು ಮನಸ್ಸಿಲ್ಲ. ಮನೆಗೆ ವೀಡಿಯೋ ಕಾಲ್ ಮಾಡುವಾಗ ದಪ್ಪ ಜಾಕೆಟ್ ಹಾಕಿಕೊಂಡು ಕೂರುತ್ತಿದ್ದನಂತೆ, ಅವ್ವನಿಗೆ ಗೊತ್ತಾಗಬಾರದು ಅಂತ.

ಗಡಿಯ ವಿಷಯವೂ ಇತ್ತು. ಆ ಕಾಗದ ಇಟ್ಟುಕೊಂಡು ಆಸ್ಟ್ರಿಯಾಗೆ ಹೋಗಿ ಬರಬಹುದು ಅಂತ ಒಬ್ಬರು ಹೇಳಿದ್ದರು, ಹೋಗಲೇಬೇಡ ಅಂತ ಇನ್ನೊಬ್ಬರು. ಆಸ್ಟ್ರಿಯಾ ಗಡಿಯಲ್ಲಿ 2015ರಿಂದಲೂ ತಪಾಸಣೆ ಇದೆ. 2024ರ ಸೆಪ್ಟೆಂಬರಿನಿಂದ ಜರ್ಮನಿ ಎಲ್ಲ ಭೂಗಡಿಗಳಲ್ಲೂ ಶುರು ಮಾಡಿತ್ತು. ವಾಪಸ್ ಬರುವಾಗ ಪೊಲೀಸರು ರೈಲು ಹತ್ತಿ ಕಾಗದ ಕೇಳುತ್ತಾರೆ. "ನನ್ನ ಸಲುವಾಗಿ ಎಲ್ಲಾರೂ ಪ್ಲಾಟ್‌ಫಾರಂ ಮ್ಯಾಗ ನಿಲ್ಲೂದು ಬ್ಯಾಡ" ಅಂದನಂತೆ.

ಸೇಂಟ್ ಆಂಟನ್‌ನಲ್ಲಿ ಒಂದು ದಿನದ ಲಿಫ್ಟ್ ಪಾಸಿಗೇ 75 ಯೂರೋ ಮೇಲಾಗುತ್ತದೆ. ಜರ್ಮನಿಯ ಕನಿಷ್ಠ ವೇತನ 2025ರಲ್ಲಿ ಗಂಟೆಗೆ 12.82. ಅವನ ಲೆಕ್ಕದಲ್ಲಿ ಅದು ಆರು ಗಂಟೆ ಪೆಟ್ಟಿಗೆ ಎತ್ತುವ ಕೆಲಸ. ಈ ಗುಣಾಕಾರವನ್ನು ನಮ್ಮ ಏಳು ಟ್ಯಾಬಿನ ಶೀಟ್ ಮಾಡಿರಲಿಲ್ಲ.

ಎರಡು ದಿನ ಗ್ರೂಪಿನಲ್ಲಿ ಸದ್ದಿಲ್ಲ. ಮೂರನೇ ದಿನ ಶಿರಸಿ ಬರೆದಳು: "ನಮ್ಮಲ್ಲಿ ಯಾರಿಗೂ ಸ್ಕೀ ಮೇಲೆ ನಿಲ್ಲೋಕೂ ಬರಲ್ಲ. ಆರ್ಲ್‌ಬರ್ಗ್‌ನಲ್ಲಿ 300 ಕಿಲೋಮೀಟರ್ ದಾರಿ ಇದೆಯಂತೆ. ಬೀಳೋಕೆ 300 ಕಿಲೋಮೀಟರ್ ಯಾಕೆ? 30 ಮೀಟರ್ ಸಾಕು. ಆಲ್ಪ್ಸ್ ಜರ್ಮನಿಯಲ್ಲೂ ಇದೆ."

ಹಾಗೆ ಗಾರ್ಮಿಶ್-ಪಾರ್ಟನ್‌ಕಿರ್ಕೆನ್ ಬಂತು. ಮ್ಯೂನಿಕ್‌ನಿಂದ ಲೋಕಲ್ ರೈಲಿನಲ್ಲಿ ಒಂದೂವರೆ ಗಂಟೆಯೊಳಗೆ, ಗಡಿ ದಾಟುವ ಪ್ರಶ್ನೆಯೇ ಇಲ್ಲ. 1936ರ ಚಳಿಗಾಲದ ಒಲಿಂಪಿಕ್ಸ್ ನಡೆದ ಊರು. ಮೇಲೆ ಜರ್ಮನಿಯ ಅತಿ ಎತ್ತರದ ಶಿಖರ ಟ್ಸುಗ್‌ಸ್ಪಿಟ್ಸೆ, 2962 ಮೀಟರ್. 1930ರಿಂದ ಅಲ್ಲಿಗೆ ಹಲ್ಲುಹಳಿಯ ರೈಲಿದೆ. ಊರು ಮಾತ್ರ 700 ಮೀಟರ್ ಎತ್ತರದಲ್ಲಿ, ನಮ್ಮ ಬೆಂಗಳೂರಿಗಿಂತ ಕೆಳಗೆ! ಹಾಗಾಗಿ ಬುಡದಲ್ಲಿ ಹಿಮ ನಂಬುವ ಹಾಗಿಲ್ಲ, ಯಂತ್ರದಿಂದ ಊದಿ ಹರಡುತ್ತಾರೆ. ಕಲಿಯುವವರಿಗೆ ಅಷ್ಟು ಸಾಕು. ಹೋಟೆಲ್ ರದ್ದು. ಮ್ಯೂನಿಕ್‌ನಲ್ಲಿ ಶಿರಸಿಯ ಕೋಣೆ ಹುಡುಗಿಯರಿಗೆ, ಹಾಸನನ ಕೋಣೆಯ ನೆಲ ನಾಲ್ಕು ಹುಡುಗರಿಗೆ. ಮೂರು ದಿನದ ಬದಲು ಒಂದು ದಿನ. ಗುಂಪು ಟಿಕೆಟ್ ವಾರದ ದಿನಗಳಲ್ಲಿ ಬೆಳಗ್ಗೆ ಒಂಬತ್ತಕ್ಕೆ ಮೊದಲು ನಡೆಯುವುದಿಲ್ಲ, ಆದ್ದರಿಂದ ಅದನ್ನು ಕೈಬಿಟ್ಟು ಪಾಸ್ ಇಲ್ಲದ ಇಬ್ಬರೂ ಆ ತಿಂಗಳಿಗೆ ಡಾಯ್ಚ್‌ಲಾಂಡ್ ಟಿಕೆಟ್ಟನ್ನೇ ತೆಗೆದುಕೊಂಡರು. ಐದು ಜನರ ಟಿಕೆಟ್ಟಿನ ಮಾತು ಅಲ್ಲಿಗೆ ಮುಗಿಯಿತು.

ಉಳಿದದ್ದು ಗದಗನ ಬಾಡಿಗೆ ಮತ್ತು ಪಾಠದ ದುಡ್ಡು. ಕೊಡುತ್ತೇವೆ ಅಂದರೆ ಫೋನ್ ಇಡುತ್ತಾನೆ. ಬೆಟ್ಟದ ಮೇಲಿನ ಹೋಟೆಲುಗಳಲ್ಲಿ ಊಟ ದುಬಾರಿ, ನಮ್ಮಲ್ಲಿ ಮೂವರು ಸಸ್ಯಾಹಾರಿಗಳು. ಅವನ ಮನೆಯಿಂದ ಬಂದವರ ಸೂಟ್‌ಕೇಸಿನಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಬಂದಿತ್ತೆಂದು ಕೋಲಾರಳಿಗೆ ಗೊತ್ತಿತ್ತು. ಶೀಟಿನ ಊಟದ ಟ್ಯಾಬಿನಲ್ಲಿ ಹಾಸನ ಬರೆದ: ಆರು ಜನರ ಊಟದ ಜವಾಬ್ದಾರಿ ಗದಗ, ಉಳಿದವರು ಉಳಿಸಿದ ಊಟದ ಹಣ ಅವನ ಬಾಡಿಗೆ ಖಾತೆಗೆ ಜಮಾ. ಗದಗ ಅದನ್ನು ನೋಡಿ ಒಂದು ದಿನ ಬಿಟ್ಟು ಬರೆದ: "ಯಾರಲೇ ಈ ಲೆಕ್ಕಾ ಮಾಡಿದಾಂವ? ರೊಟ್ಟಿಗೆ ಇಷ್ಟ್ ರೇಟ್ ಹಾಕಿದ್ರ ನಮ್ಮೂರಾಗ ಖಾನಾವಳಿ ಎಲ್ಲಾ ಮುಚ್ಚತಾವ." ಸ್ವಲ್ಪ ಹೊತ್ತಿನ ಮೇಲೆ: "ಬರ್ತೇನಿ."

ಟ್ರಿಪ್ಪಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಿಂದಿನ ರಾತ್ರಿ ದಾವಣಗೆರೆ ಒಂದು ಸಂಪರ್ಕ ತಪ್ಪಿಸಿಕೊಂಡು ನಡುರಾತ್ರಿ ಬಂದಿಳಿದ. ಬೆಳಗ್ಗೆ ಕತ್ತಲಲ್ಲೇ ಹೊರಟೆವು. ಈ ದಾರಿಯ ಕೆಲವು ಗಾಡಿಗಳು ನಡುವೆ ಎರಡಾಗಿ ಒಡೆದು ಬೇರೆ ಬೇರೆ ಊರಿಗೆ ಹೋಗುತ್ತವೆ, ಹತ್ತುವ ಮೊದಲು ಬೋಗಿಯ ಮೇಲಿನ ಹೆಸರು ಓದಿ. ಮುರ್ನೌ ಬಂದಾಗ ಇ.ಇ.ಇ. ಓದಿದ ಉಡುಪಿ ಎಲ್ಲರನ್ನೂ ಎಬ್ಬಿಸಿದ. ಇಲ್ಲಿಂದ ಓಬರಾಮರ್‌ಗೌಗೆ ಹೋಗುವ ಪುಟ್ಟ ಮಾರ್ಗದಲ್ಲಿ 1905ರಲ್ಲೇ 5.5 ಕಿಲೋವೋಲ್ಟ್, 16 ಹರ್ಟ್ಸ್‌ನ ಸಿಂಗಲ್ ಫೇಸ್ ಎ.ಸಿ.ಯಲ್ಲಿ ರೈಲು ಓಡಿತ್ತು. ಜರ್ಮನಿಯ ರೈಲುಗಳು ಇವತ್ತಿಗೂ 50 ಹರ್ಟ್ಸ್ ಬಿಟ್ಟು 16.7ರಲ್ಲಿ ಓಡುವುದು ಆ ಕಾಲದ ಮೋಟರುಗಳಿಂದ ಬಂದ ಪದ್ಧತಿ. "ನಮ್ಮಲ್ಲಿ 25 ಕಿಲೋವೋಲ್ಟ್, 50 ಹರ್ಟ್ಸ್ ಮಾರಾಯ, ತಡವಾಗಿ ಶುರು ಮಾಡಿದ್ದೂ ಒಂದು ಲಾಭ" ಅಂದ. ಗದಗ ಮಾತ್ರ ಏಳಲಿಲ್ಲ. ಶಿಫ್ಟ್ ಮುಗಿಸಿ ಬಂದಿದ್ದ. ಕಿಟಕಿಗೆ ತಲೆಯಿಟ್ಟು ಬಾಯಿ ತೆರೆದು ಮಲಗಿದ್ದ, ತೊಡೆಯ ಮೇಲೆ ರೊಟ್ಟಿಯ ಗಂಟು. ಬೆಟ್ಟಗಳು ಕಾಣಿಸಿಕೊಂಡಾಗ ಎಬ್ಬಿಸೋಣವೇ ಅಂತ ನೋಡಿ, ಬೇಡವೆಂದು ಬಿಟ್ಟೆವು. ವಾಪಸ್ ಬರುವಾಗ ನೋಡಲಿ.

ಎರಡು ಗಂಟೆಯ ಪಾಠ. ಸ್ಕೀಗಳ ಮೂತಿ ಜೋಡಿಸಿ ಹಿಂಭಾಗ ಅಗಲಿಸಿದರೆ ನಿಲ್ಲುತ್ತದೆ, ಕಲಿಸುವವರು ಅದಕ್ಕೆ ಪಿಜ್ಜಾ ಅನ್ನುತ್ತಾರೆ. ನಮ್ಮ ಪಕ್ಕದಲ್ಲಿ ನಾಲ್ಕು ವರ್ಷದ ಮಕ್ಕಳು ಸಲೀಸಾಗಿ ಇಳಿಯುತ್ತಿದ್ದರೆ ನಾವು ಆರು ಜನ ಆರು ದಿಕ್ಕಿಗೆ ಬಿದ್ದೆವು. ಗದಗ ಒಮ್ಮೆ ಜೋರಾಗಿಯೇ ತಿರುಚಿಕೊಂಡು ಬಿದ್ದ. ಟಕ್ ಅಂತ ಸ್ಕೀ ಬಿಚ್ಚಿಕೊಂಡಿತು, ಕಾಲಿಗೆ ಏನೂ ಆಗಲಿಲ್ಲ. ಮಲಗಿದಲ್ಲಿಂದಲೇ ಕೂಗಿದ: "ನೋಡ್ರಿ, ಖರೇ ತೂಕ!"

ಕಾರ್ಡು ಏಪ್ರಿಲ್‌ನಲ್ಲಿ ಬಂತು. ಸಾಲದ ಕಂತೂ ಬಂದು, ಅವನು ರಾತ್ರಿ ಶಿಫ್ಟ್ ಬಿಟ್ಟ. ಸೇಂಟ್ ಆಂಟನ್ ಟ್ಯಾಬನ್ನು ಹಾಸನ ಅಳಿಸಿರಲಿಲ್ಲ, ಕೆಳಕ್ಕೆ ಸರಿಸಿದ್ದ ಅಷ್ಟೇ. ಜೂನ್‌ನಲ್ಲಿ ಯಾವುದೋ ಕೆಲಸಕ್ಕೆ ಶೀಟ್ ತೆರೆದಾಗ ತೂಕದ ಕಾಲಂನಲ್ಲಿ ಗದಗನ ಎದುರು 63 ಅಂತ ಇತ್ತು. ಯಾರೂ ಕೇಳಿರಲಿಲ್ಲ, ಅವನೇ ತಿದ್ದಿದ್ದ. ಅದನ್ನು ನೋಡಿ ಹಾಸನ ತನ್ನದನ್ನೂ ತಿದ್ದಿದ. ಆಜ್ಞೆ ಹೊರಡಿಸಿದವನದೇ ಆರು ಕಿಲೋ ಸುಳ್ಳಿತ್ತು.